ಅಟ್ಟದ ಮೇಲಿನ ಗುಳಿಗೆ

ಶೆಟ್ಟಿಕೆರೆಯಿಂದ ಎರಡು ಮೈಲಿ ಒಳಕ್ಕೆ ಕಲ್ಲೇನಹಳ್ಳಿ. ಆ ಕಡೆ ಹೊಂಬಾಳಮ್ಮನನ್ನು ಕಾಣದವರು ಇದ್ದಿರಬಹುದು, ಹೊಂಬಾಳಮ್ಮನ ಅಟ್ಟದ ಸುದ್ದಿ ಕೇಳದವರಿರಲಿಲ್ಲ. "ನಮ್ಮಪ್ಪ ಮೊದ್ಲು ಅಟ್ಟ ಕಟ್ದ, ಅದು ಬೀಳ್ದೇ ಇರ್ಲಿ ಅಂತ ಆಮ್ಯಾಕೆ ಗೋಡೆ ಎಬ್ಸಿದ" ಎಂದು ಅವಳ ಗಂಡ ಬೋರಯ್ಯ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅದು ಪೂರಾ ಸುಳ್ಳೂ ಅಲ್ಲ. ಅಡುಗೆಮನೆಯ ಮೇಲೆ ಉದ್ದಕ್ಕೂ ಹರಡಿದ ಆ ಅಟ್ಟದಲ್ಲಿ ಒಂದು ಕಾಲಕ್ಕೆ ನಾಲ್ಕು ಸಾವಿರ ಕಾಯಿ ಮಲಗಿರುತ್ತಿದ್ದವು. ಒಬ್ಬಳೇ ಮಗಳು ಪುಟ್ಟಗೌರಮ್ಮನನ್ನು ಅಮ್ಮಸಂದ್ರಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಕೆಳಗೆ ಮಲಗುವವರು ಗಂಡ ಹೆಂಡತಿ ಇಬ್ಬರೇ.

ಕೊಬ್ಬರಿ ಆಗುವುದು ಹೇಗೆಂದು ತೆಂಗಿನ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಗೊಡವೆಗೆ ಹೋಗಬಾರದು. ಕೆಳಗಿನ ಒಲೆಯ ಕಾವು, ಹೊಗೆ ಮೇಲೇರಿ ಕಾಯಿಯ ಒಳಗಿನ ನೀರು ನಿಧಾನಕ್ಕೆ ಆರುತ್ತದೆ, ತಿರುಳು ಕರಟದಿಂದ ಬಿಟ್ಟುಕೊಂಡು ಗುಂಡಗೆ ಉಂಡೆಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತಾರೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ತುಳುಕಿದರೆ ಇನ್ನೂ ನೀರಿದೆ, ಗಡಗಡ ಅಂದರೆ ಗಿಟುಕು. ಈ ಕೇಳುವ ವಿದ್ಯೆಯಲ್ಲಿ ಹೊಂಬಾಳಮ್ಮನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಬೇರೆ ಮನೆಯವರೂ ಅವಳನ್ನು ಕರೆದುಕೊಂಡು ಹೋಗಿ ತಮ್ಮ ಕಾಯಿ ಕೇಳಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ, ಕಾಯಿ ಅಲ್ಲಾಡಿಸಿ, "ಇನ್ನೊಂದ್ ತಿಂಗ್ಳು ಮಡಗಿ" ಎಂದರೆ ಅದೇ ತೀರ್ಪು. ಆಮೇಲೆ ಮೇಲ್ಮನವಿ ಇಲ್ಲ.

ಅವಳ ಅತ್ತೆ ಬದುಕಿದ್ದಾಗ ಒಂದು ಮಾತು ಹೇಳುತ್ತಿದ್ದಳಂತೆ: "ಮಡಗಿದೋಳಿಗೆ ಕೊಬ್ರಿ, ಆತುರದೋಳಿಗೆ ಬರೀ ನೀರು." ಹೊಂಬಾಳಮ್ಮ ಬಾಳೆಲ್ಲ ಆ ಒಂದು ಮಾತಿನ ಮೇಲೆ ನಡೆಸಿದಳು. ಬೂದಿ ಬೆರೆಸಿದ ಅವರೆ ಬೀಜ, ಮೂರು ವರ್ಷದ ಹುಣಸೆಹಣ್ಣು, ಸೀಗೆಕಾಯಿ, ಮಗಳು ಮಲಗಿದ್ದ ತೊಟ್ಟಿಲು, ಬೋರಯ್ಯನ ಮದುವೆಯ ರುಮಾಲು, ಎಲ್ಲವೂ ಅಟ್ಟದ ಮೇಲೆ. ಇಟ್ಟಷ್ಟೂ ವಸ್ತು ಬಲಿಯುತ್ತದೆ, ಬಲಿತಷ್ಟೂ ಬೆಲೆ ಬರುತ್ತದೆ ಎಂಬುದು ಅವಳಿಗೆ ಹಗಲು ರಾತ್ರಿಯಷ್ಟೇ ನಿಜ. ಇಂಥವಳ ಕೈಗೆ ಇಪ್ಪತ್ತು ಗುಳಿಗೆ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

ಗುಳಿಗೆ ಸಿಕ್ಕಿದ್ದು ಎಪ್ಪತ್ತಾರರ ಮಳೆಗಾಲದಲ್ಲಿ. ಅವಳಿಗೇ ರಕ್ತಭೇದಿ ಹತ್ತಿಕೊಂಡು ಕೈಕಾಲು ಸೋತಾಗ ಬೋರಯ್ಯ ತಿಪಟೂರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿನ ಡಾಕ್ಟರು ಅರ್ಧ ಕೆಂಪು, ಅರ್ಧ ಹಳದಿಯ ಕ್ಯಾಪ್ಸೂಲು ಇಪ್ಪತ್ತು ಬರೆದುಕೊಟ್ಟು, ಆರು ಗಂಟೆಗೊಂದರಂತೆ ಐದು ದಿನ ನುಂಗಬೇಕು, ಹೊಟ್ಟೆ ನಿಂತರೂ ಬಿಡಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಎರಡನೇ ದಿನ ಮುಗಿಯುವ ಹೊತ್ತಿಗೆ ಹೊಟ್ಟೆ ನಿಂತಿತು. ಎಂಟು ಗುಳಿಗೆ ಖರ್ಚಾಗಿತ್ತು, ಹನ್ನೆರಡು ಉಳಿದಿದ್ದವು. "ಡಾಕ್ಟ್ರು ಏನಂದಿದ್ರು?" ಎಂದು ಬೋರಯ್ಯ ನೆನಪಿಸಿದ. "ಗುಣ ಆದ್‌ಮ್ಯಾಲೂ ನುಂಗಾಕೆ ಅದೇನ್ ಹೋಳ್ಗೆನಾ?" ಎಂದು ಹೊಂಬಾಳಮ್ಮ ಒಂದು ಚೊಕ್ಕ ಕರಟ ಹುಡುಕಿ, ಇನ್ನೊಂದು ಕರಟವನ್ನು ಅದಕ್ಕೆ ಮುಚ್ಚಳ ಮಾಡಿ, ಗುಳಿಗೆಗಳನ್ನು ಒಳಗಿಟ್ಟು, ತೆಂಗಿನ ನಾರಿನ ಹುರಿಯಲ್ಲಿ ಬಿಗಿದು ಅಟ್ಟದ ತೊಲೆಗೆ ತೂಗುಹಾಕಿದಳು. ನೇರವಾಗಿ ಒಲೆಯ ಮೇಲೆ. ಅಲ್ಲಿ ಕಾವು ಚೆನ್ನಾಗಿ ತಾಗುತ್ತದಲ್ಲ!

ಮೊದಲು ಆ ಕರಟ ಬಿಚ್ಚಿದ್ದು ಪಕ್ಕದ ಮನೆಯ ಹುಚ್ಚಕ್ಕನಿಗಾಗಿ. ಎರಡು ಗುಳಿಗೆ ಕೊಟ್ಟಳು, ಮೂರು ದಿನಕ್ಕೆ ಭೇದಿ ನಿಂತಿತು. ಆ ಭೇದಿ ಏನೂ ಕೊಡದಿದ್ದರೂ ಮೂರು ದಿನಕ್ಕೆ ನಿಲ್ಲುತ್ತಿತ್ತೋ ಏನೋ, ಹೆಸರು ಬಂದಿದ್ದು ಮಾತ್ರ ಅಟ್ಟಕ್ಕೆ. ಹುಚ್ಚಕ್ಕ ಬಾಯಿಗೆ ಬೀಗ ಇಲ್ಲದ ಹೆಂಗಸು. ಒಂದು ವಾರದಲ್ಲಿ ಊರಿಗೆಲ್ಲ ಸಾರಿದಳು. ಆಮೇಲೆ ಹೊಟ್ಟೆ ಕೆಟ್ಟವರೆಲ್ಲ ಹೊಂಬಾಳಮ್ಮನ ಹಜಾರಕ್ಕೆ ಬರತೊಡಗಿದರು. ಅವಳು ಒಂದು ಕಾಸು ಮುಟ್ಟುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೋ ಎರಡೋ ಕೊಟ್ಟು, "ಮಜ್ಗೇಲಿ ನುಂಗು, ತಂಪು" ಎಂದು ಹೇಳಿ ಕಳಿಸುತ್ತಿದ್ದಳು. ಆ ಗುಳಿಗೆಗೆ ಹಾಲು ಮಜ್ಜಿಗೆ ಆಗಿಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಎಲ್ಲರೂ ನೆಮ್ಮದಿಯಾಗಿದ್ದರು.

ಹನ್ನೆರಡು ಗುಳಿಗೆ ಎಷ್ಟು ದಿನ ಬಂದೀತು ಎಂದು ಯಾರಾದರೂ ಕೇಳಬಹುದು. ಊರವರು ಕೃತಜ್ಞರು. ತಮಗೆ ಯಾವುದಾದರೂ ಡಾಕ್ಟರು ಐದು ದಿನದ ಮಾತ್ರೆ ಕೊಟ್ಟರೆ ಎರಡು ದಿನ ನುಂಗಿ, ಉಳಿದದ್ದನ್ನು ತಂದು ಹೊಂಬಾಳಮ್ಮನಿಗೆ ಒಪ್ಪಿಸುತ್ತಿದ್ದರು. ದೇವರ ಹುಂಡಿಗೆ ಹಾಕಿದಷ್ಟೇ ಭಕ್ತಿ. ಕೆಮ್ಮಿನದು, ಜ್ವರದ್ದು, ಗಾಯದ್ದು ಎಂಬ ಭೇದ ಇಲ್ಲ. ಕೆಂಪು, ಕಪ್ಪು, ಹಸಿರು, ಬಿಳಿ, ಎಲ್ಲವೂ ಒಂದೇ ಕರಟಕ್ಕೆ ಬಿದ್ದವು. ಅಲ್ಲಿ ಜಾತಿ ಕೇಳುವವರಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಅವಳು ತನ್ನ ಮೊದಲಿನ ಕೆಂಪು ಹಳದಿ ಗುಳಿಗೆಯೊಂದನ್ನು ತೆಗೆದು ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದಳು. ಹೊಸದರಲ್ಲಿ ಒಳಗಿನ ಪುಡಿ ಸರಸರ ಎನ್ನುತ್ತಿತ್ತು. ಈಗ ಸರಸರ ಇಲ್ಲ, ಟಿಕ್ ಟಿಕ್ ಎಂದು ಒಂದೇ ಗಟ್ಟಿ ಸದ್ದು. ಪುಡಿ ಉಂಡೆಕಟ್ಟಿತ್ತು. ಹೊಂಬಾಳಮ್ಮನ ಮುಖ ಅರಳಿತು.

"ಗಿಟುಕಾಗೈತೆ ಕಣೇ ಹುಚ್ಚಕ್ಕ! ಕೇಳಿಲ್ಲಿ. ಈಗ ನೋಡು ಇದ್ರ ಸತ್ವ!" ಎಂದಳು.

ಹುಚ್ಚಕ್ಕ ಕೇಳಿ ತಲೆದೂಗಿದಳು. ಈ ತಪ್ಪನ್ನು ಬೆಂಗಳೂರಿನವರು ಮಾಡಲಾರರು, ರಾಯಚೂರಿನವರು ಮಾಡಲಾರರು. ಇದು ಅಚ್ಚುಕಟ್ಟಾಗಿ ನಮ್ಮ ಸೀಮೆಯ ತಪ್ಪು.

ಎಪ್ಪತ್ತೊಂಬತ್ತರ ಆಷಾಢದಲ್ಲಿ ಪುಟ್ಟಗೌರಮ್ಮ ತವರಿಗೆ ಬಂದಳು. ಚೊಚ್ಚಲ ಬಸುರಿ, ಏಳು ತಿಂಗಳು. ಅವಳ ಗಂಡ ಈರಣ್ಣ ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಬಸ್ಸಿನಿಂದ ಇಳಿಸಿ, ಒಂದು ಹೊತ್ತು ಉಂಡು, ಪಾಳಿ ತಪ್ಪುತ್ತದೆಂದು ವಾಪಸು ಹೋದ. ಮದುವೆಯಾಗಿ ಆರು ವರ್ಷ ಕಾದ ಮೇಲೆ ನಿಂತ ಬಸುರು ಅದು. ಹೊಂಬಾಳಮ್ಮ ಮಗಳನ್ನು ನೆಲದ ಮೇಲೆ ಕಾಲಿಡಲು ಬಿಡಲಿಲ್ಲ ಅಂದರೆ ಹೆಚ್ಚಾಗಲಿಲ್ಲ. ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸಿದಳು. ಅದೇ ವಾರ ಹೊಸ ಕಾಯಿಯನ್ನೂ ಅಟ್ಟಕ್ಕೆ ಏರಿಸಿದ್ದಾಯಿತು.

ಬಂದ ಹತ್ತನೇ ದಿನ ಮಳೆನೀರು ಬಾವಿಗೆ ನುಗ್ಗಿತು. ಎರಡು ದಿನಕ್ಕೆ ಪುಟ್ಟಗೌರಮ್ಮನಿಗೆ ಭೇದಿ ಶುರುವಾಯಿತು. ಬೆಳಿಗ್ಗೆ ಮೂರು ಸಲ ಹೋಗಿ ಬಂದು, ಗೋಡೆ ಹಿಡಿದು ನಿಂತು, "ಅವ್ವ, ರಕ್ತ ಬತ್ತೈತೆ" ಎಂದಳು.

ಹೊಂಬಾಳಮ್ಮ ಹೆದರಿದಳು. ಆದರೆ ಮರುಗಳಿಗೆಯೇ ಧೈರ್ಯವೂ ಬಂತು. ಊರಿಗೆಲ್ಲ ಕೊಟ್ಟವಳು ತನ್ನ ಮಗಳಿಗೆ ಕೊಡಲಾರಳೇ? ಏಣಿ ಹತ್ತಿ ಕರಟ ಇಳಿಸಿದಳು. ಬಣ್ಣಬಣ್ಣದ ರಾಶಿಯಲ್ಲಿ ಬೇರೆಯವರದನ್ನು ಸರಿಸಿ, ತನ್ನವೇ ನಾಲ್ಕು ಕೆಂಪು ಹಳದಿ ಆರಿಸಿದಳು. ಒಂದೊಂದನ್ನೂ ಕಿವಿಗೆ ಹಿಡಿದು ನೋಡಿದಳು. ನಾಲ್ಕೂ ಗಿಟುಕು. "ಎಲ್ಡು ಒಟ್ಗೇ ನುಂಗು ಮಗ, ಮೂರೊರ್ಸದ್ದು, ಚೆನ್ನಾಗ್ ಬಲ್ತೈತೆ" ಎಂದು ಮಜ್ಜಿಗೆಯ ಲೋಟ ಮುಂದೆ ಹಿಡಿದಳು. ಮಗಳು ಅವ್ವನ ಮಾತಿಗೆ ಎದುರಾಡಿದವಳಲ್ಲ. ನುಂಗಿದಳು.

ಮಧ್ಯಾಹ್ನದ ಹೊತ್ತಿಗೆ ಭೇದಿ ನಿಲ್ಲಲಿಲ್ಲ, ಹೊಟ್ಟೆ ನುಲಿತ ಹೆಚ್ಚಾಯಿತು. ಮೂರನೆಯದನ್ನು ಕೊಟ್ಟಳು. ಅದನ್ನು ಪುಟ್ಟಗೌರಮ್ಮ ನುಂಗಿದ ಹಾಗೇ ಕಕ್ಕಿದಳು. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಬೋರಯ್ಯ ಒಳಗೆ ಬಂದು ಮಗಳ ಮುಖ ನೋಡಿದವನೇ ಹೋಗಿ ಗಾಡಿ ಕಟ್ಟಿದ.

"ಇನ್ನೊಂದು ಗುಳ್ಗೆ ಐತೆ, ಸಂಜೀಗಂಟ ನೋಡಾನ" ಎಂದಳು ಹೊಂಬಾಳಮ್ಮ.

"ನೀನ್ ನೋಡ್ತಾ ಇರು. ನಾನು ನನ್ ಮಗಳ್ನ ಕರ್ಕಂಡ್ ಹೋಯ್ತೀನಿ" ಎಂದ ಬೋರಯ್ಯ. ಮೂವತ್ತು ವರ್ಷದಲ್ಲಿ ಅವನು ಹೆಂಡತಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವಳು ನಾಲ್ಕನೆಯ ಗುಳಿಗೆಯನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ಗಾಡಿ ಹತ್ತಿದಳು.

ಶೆಟ್ಟಿಕೆರೆಯ ಆಸ್ಪತ್ರೆಗೆ ಆಗ ಒಬ್ಬ ಹೊಸ ಲೇಡಿ ಡಾಕ್ಟರು ಬಂದಿದ್ದರು. ಹೆಸರು ಗಿರಿಜಾಂಬಿಕಾ. ಮೂವತ್ತೂ ತುಂಬಿರಲಿಲ್ಲ, ಕನ್ನಡಕ, ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ. ಪುಟ್ಟಗೌರಮ್ಮನನ್ನು ಮಂಚದ ಮೇಲೆ ಮಲಗಿಸಿ ನಾಡಿ ನೋಡಿದರು, ಚರ್ಮ ಎಳೆದು ನೋಡಿದರು, ನಾಲಿಗೆ ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿ, "ಮನೇಲಿ ಏನಾದ್ರೂ ಔಷಧಿ ಕೊಟ್ರಾ ಅಮ್ಮ? ಮಾತ್ರೆ, ಗುಳಿಗೆ, ಏನಾದ್ರೂ?" ಎಂದು ಕೇಳಿದರು.

ಹೊಂಬಾಳಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಏನಿಲ್ಲ ತಾಯಿ. ಬರೀ ಮಜ್ಗೆ."

ಈ ಸುಳ್ಳು ಯಾಕೆ ಬಂತು ಎಂದು ಅವಳನ್ನೇ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚು ನಾಚಿಕೆ ಇತ್ತು. ಊರಿಗೆಲ್ಲ ಗುಳಿಗೆ ಹಂಚಿದ ದೊಡ್ಡಸ್ತಿಕೆ ಆ ಚಿಕ್ಕ ಹೆಂಗಸಿನ ಮುಂದೆ ಬಯಲಾಗುತ್ತದಲ್ಲ ಎಂಬ ಸಂಕಟ ಇತ್ತು. ಅವಳು ಓರೆಗಣ್ಣಿನಲ್ಲಿ ಮಗಳನ್ನು ನೋಡಿದಳು. ಪುಟ್ಟಗೌರಮ್ಮ ಕಣ್ಣು ಬಿಟ್ಟುಕೊಂಡೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಆದರೆ ಬಾಯಿ ಬಿಡಲಿಲ್ಲ. ಅವ್ವನ ಮಾನ ಹೋಗಬಾರದು ಎಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಚಾವಣಿ ನೋಡುತ್ತಿದ್ದಳು.

ಅದನ್ನು ಹೊಂಬಾಳಮ್ಮನಿಗೆ ತಡೆಯಲಾಗಲಿಲ್ಲ. ಡಾಕ್ಟರು ಬೈದಿದ್ದರೆ ತಡೆಯುತ್ತಿದ್ದಳು, ಗಂಡ ಬೈದಿದ್ದರೂ ತಡೆಯುತ್ತಿದ್ದಳು. ಸೆರಗು ಬಿಚ್ಚಿ ಗುಳಿಗೆಯನ್ನು ಮೇಜಿನ ಮೇಲಿಟ್ಟಳು.

"ಸುಳ್ಳೇಳ್ದೆ ಡಾಕ್ಟ್ರಮ್ಮ. ಇದ್ನ ಕೊಟ್ಟಿವ್ನಿ. ಬೆಳಿಗ್ಗೆ ಎಲ್ಡು, ಮದ್ಯಾನ ಒಂದು. ಮದ್ಯಾನದ್ದು ಕಕ್ಕಂಡ್ಳು" ಎಂದು ಒಂದೇ ಉಸಿರಿನಲ್ಲಿ ಹೇಳಿ, ಅತ್ತಳು. ಮೂರು ವರ್ಷ ಅಟ್ಟದ ಮೇಲಿಟ್ಟಿದ್ದನ್ನೂ ಹೇಳಿದಳು, ಗಿಟುಕಾಗಿದೆ ಎಂದು ಕಿವಿಯಿಟ್ಟು ಕೇಳಿದ್ದನ್ನೂ ಹೇಳಿದಳು.

ಗಿರಿಜಾಂಬಿಕಾ ಬೈಯಲಿಲ್ಲ. ಒಂದು ಬಿಳಿ ಕಾಗದದ ಮೇಲೆ ಗುಳಿಗೆಯನ್ನು ಎರಡು ಹೋಳಾಗಿ ಬಿಚ್ಚಿದರು. ಒಳಗಿನಿಂದ ಕಂದು ಬಣ್ಣದ ಒಂದು ಹೆಂಟೆ ಬಿತ್ತು.

"ನಮ್ಮಪ್ಪಾಜಿ ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಮಾಡ್ತಾರೆ ಅಮ್ಮ, ನನಗೂ ಸ್ವಲ್ಪ ಗೊತ್ತು" ಎಂದರು. "ಒಂದು ಗಿಟುಕು ಹೊರಗೆ ಲಕ್ಷಣವಾಗಿದೆ, ಒಡೆದರೆ ಒಳಗೆ ಈ ಬಣ್ಣ. ನೀವು ಅದಕ್ಕೆ ಏನಂತೀರಿ?"

ಹೊಂಬಾಳಮ್ಮ ಬಗ್ಗಿ ನೋಡಿದಳು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ. "ಕೌಟು" ಎಂದಳು ಸಣ್ಣ ದನಿಯಲ್ಲಿ. ಒಳಗೇ ಕೆಟ್ಟು ಕಹಿಯಾದ ಕೊಬ್ಬರಿಗೆ ಆ ಸೀಮೆಯಲ್ಲಿ ಹಾಗೆನ್ನುತ್ತಾರೆ.

"ಇದೂ ಕೌಟೇ. ಹೊಸದರಲ್ಲಿ ಇದು ಹಳದಿ ಪುಡಿ. ಟೆಟ್ರಾಸೈಕ್ಲಿನ್ ಅಂತ ಹೆಸರು, ಒಳ್ಳೇ ಔಷಧಿನೇ. ಆದರೆ ಇದು ಕೊಬ್ಬರಿ ಅಲ್ಲ, ಇಟ್ಟಷ್ಟೂ ಬಲಿಯೋದಿಲ್ಲ. ಕಾವು ತಾಗಿದರೆ, ತೇವ ತಾಗಿದರೆ, ದಿನ ಮೀರಿದರೆ ವಿಷ ಆಗತ್ತೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡತ್ತೆ. ಇನ್ನೊಂದು ವಿಷಯ. ಹೊಸದಾಗಿದ್ದರೂ ಇದನ್ನ ಬಸುರಿಗೆ ಕೊಡೋ ಹಾಗಿಲ್ಲ, ಸಣ್ಣ ಮಕ್ಕಳಿಗೂ ಕೊಡೋ ಹಾಗಿಲ್ಲ. ಹೊಟ್ಟೇಲಿರೋ ಮಗುವಿನ ಹಲ್ಲಿಗೆ ಬಣ್ಣ ಹಿಡಿಯತ್ತೆ."

"ಮಗ... ಮಗ ಉಳೀತದಾ ತಾಯಿ?"

ಡಾಕ್ಟರು ಕಪಾಟಿನಿಂದ ಮರದ ಒಂದು ಸಣ್ಣ ತುತ್ತೂರಿಯಂಥದನ್ನು ತೆಗೆದು ಪುಟ್ಟಗೌರಮ್ಮನ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರು. ಅಲ್ಲಿ ಇಲ್ಲಿ ಸರಿಸಿ ಕೇಳಿದರು. ಬೋರಯ್ಯ ಬಾಗಿಲಲ್ಲಿ ಬಾರುಕೋಲು ಹಿಡಿದೇ ನಿಂತಿದ್ದ. ಡಾಕ್ಟರ ಮುಖದಲ್ಲಿ ನಗು ಕಂಡಿತು. "ಬನ್ನಿ ಅಮ್ಮ, ಕಾಯಿ ಕೇಳೋ ಕಿವಿ ನಿಮ್ಮದು. ಇದನ್ನೂ ಕೇಳಿ" ಎಂದು ಕರೆದರು.

ಹೊಂಬಾಳಮ್ಮ ಸೆರಗು ಸರಿಸಿ ಬಗ್ಗಿದಳು. ಮೊದಲು ಏನೂ ಇಲ್ಲ. ತನ್ನ ಎದೆಯೇ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಎಲ್ಲೋ ಆಳದಿಂದ, ಓಡಿ ಬರುತ್ತಿರುವವರ ಹೆಜ್ಜೆಯಂತೆ ಟುಕು ಟುಕು ಟುಕು ಎಂದು ಬಿಡದೆ ಬಂತು. ಸಾವಿರಾರು ಕಾಯಿ ಕೇಳಿದ್ದ ಕಿವಿ ಅದು. ಇಂಥದನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ತಲೆ ಎತ್ತಲೇ ಇಲ್ಲ. ಕೊನೆಗೆ ಪುಟ್ಟಗೌರಮ್ಮನೇ, "ಎದ್ದೇಳವ್ವ, ಭಾರ ಬುಡ್ತಾ ಇದೀಯ" ಎನ್ನಬೇಕಾಯಿತು.

"ಮಗು ಗಟ್ಟಿಯಾಗಿದೆ" ಎಂದರು ಡಾಕ್ಟರು. "ನೀವು ಹೇಳಿದ್ದು ಒಳ್ಳೇದಾಯ್ತು. ಹೇಳದೆ ಹೋಗಿದ್ರೆ ನಾನು ಬರೀ ಭೇದಿ ನೋಡ್ತಾ ಕೂತಿರ್ತಿದ್ದೆ. ಈಗ ಮೂತ್ರಪಿಂಡದ ಮೇಲೂ ಒಂದು ಕಣ್ಣಿಡ್ತೀನಿ."

ಪುಟ್ಟಗೌರಮ್ಮನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಕಾಯಿಸಿ ಆರಿಸಿದ ನೀರಿಗೆ ಅಳತೆಯಲ್ಲಿ ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಲು ಹೇಳಿದರು. ನಡುನಡುವೆ ಎಳನೀರು, ಗಂಜಿ. ಎಳನೀರು ಅಂದದ್ದೇ ತಡ ಬೋರಯ್ಯ ಗಾಡಿ ತಿರುಗಿಸಿ ಅರ್ಧ ತೋಟವನ್ನೇ ತಂದು ಆಸ್ಪತ್ರೆಯ ಅಂಗಳಕ್ಕೆ ಸುರಿದ. ಇಬ್ಬರೇ ರೋಗಿಗಳಿದ್ದ ಆಸ್ಪತ್ರೆಗೆ ಅರವತ್ತು ಎಳನೀರು. ಕಾಂಪೌಂಡರ್ ಕೂಡ ಎರಡು ದಿನ ಬೇರೆ ನೀರು ಕುಡಿಯಲಿಲ್ಲ.

"ಮೂತ್ರ ಸರಿಯಾಗಿ ಹೋಗ್ತಿದೆಯಾ ಅಂತ ನೋಡ್ತಾ ಇರಿ, ಹೋದ ತಕ್ಷಣ ನನಗೆ ಹೇಳಿ" ಎಂದು ಡಾಕ್ಟರು ಹೊಂಬಾಳಮ್ಮನಿಗೆ ಕೆಲಸ ಒಪ್ಪಿಸಿದ್ದರು. ಬೆಳಗಾಗುವ ಹೊತ್ತಿಗೆ ಪುಟ್ಟಗೌರಮ್ಮ ಎದ್ದು ಹೊರಗೆ ಹೋಗಿಬಂದು, "ಆಯ್ತವ್ವ, ಚೆನ್ನಾಗೇ ಆಯ್ತು" ಎಂದಳು. ಹೊಂಬಾಳಮ್ಮ ಅಲ್ಲೇ ನಿಂತು ಮನೆದೇವರಿಗೆ ಕೈಮುಗಿದು, ಡಾಕ್ಟರ ಮನೆಯ ಬಾಗಿಲಿಗೆ ಓಡಿ, ಬೀದಿಗೆಲ್ಲ ಕೇಳಿಸುವ ಹಾಗೆ ಸುದ್ದಿ ಸಾರಿದಳು. ಒಬ್ಬರು ಮೂತ್ರ ಮಾಡಿದ್ದಕ್ಕೆ ಇನ್ನೊಬ್ಬರು ಇಷ್ಟು ಸಂತೋಷಪಟ್ಟದ್ದನ್ನು ಶೆಟ್ಟಿಕೆರೆ ಅದುವರೆಗೆ ಕಂಡಿರಲಿಲ್ಲ. ಪುಟ್ಟಗೌರಮ್ಮ ನಾಚಿಕೆಯಿಂದ ಮುಸುಕೆಳೆದುಕೊಂಡಳು.

ರಕ್ತ ಹೋಗುತ್ತಿದ್ದುದರಿಂದ ಬಸುರಿಗೆ ಆಗಿಬರುವ ಬೇರೆ ಔಷಧಿ ಕೊಡಲೇಬೇಕಿತ್ತು. ಪೆನಿಸಿಲಿನ್ ಸೂಜಿಗೆ ಯಾವತ್ತಾದರೂ ಮೈಮೇಲೆ ದದ್ದು ಎದ್ದಿತ್ತೇ ಎಂದು ಕೇಳಿ ತಿಳಿದುಕೊಂಡು, ಬಂದ ಸಂಜೆಯಿಂದಲೇ ಆಂಪಿಸಿಲಿನ್ ಶುರು ಮಾಡಿದ್ದರು. ಆರು ಗಂಟೆಗೊಂದು, ಐದು ದಿನ, ಒಟ್ಟು ಇಪ್ಪತ್ತು. ಅದೇ ಇಪ್ಪತ್ತು! ಮೂರನೇ ದಿನ ಮಗಳನ್ನು ಮನೆಗೆ ಕಳಿಸುವಾಗ ಉಳಿದ ಹನ್ನೆರಡನ್ನು ಹೊಂಬಾಳಮ್ಮನ ಅಂಗೈಗೆ ಹಾಕಿದರು. "ಹೊಟ್ಟೆ ನಿಂತಿತು ಅಂದರೆ ರೋಗ ಹೋಯಿತು ಅಂತಲ್ಲ ಅಮ್ಮ. ಸೋತ ಕ್ರಿಮಿ ಒಂದಷ್ಟು ಒಳಗೇ ಅಡಗಿರತ್ತೆ. ಅರ್ಧಕ್ಕೆ ಬಿಟ್ಟರೆ ಅದೇ ಗಟ್ಟಿಯಾಗಿ ಮತ್ತೆ ಏಳತ್ತೆ, ಆಮೇಲೆ ಈ ಔಷಧಿಗೆ ಜಗ್ಗೋದಿಲ್ಲ. ಕೋರ್ಸ್ ಪೂರ್ತಿ ಆಗಬೇಕು" ಎಂದರು.

ಹೊರಡುವ ಮುಂಚೆ ಹೊಂಬಾಳಮ್ಮ ಡಾಕ್ಟರ ಹತ್ತಿರ ಸರಿದು, "ಹಲ್ಲು?" ಎಂದು ಕೇಳಿದಳು.

"ಎರಡೇ ಗುಳಿಗೆ ಒಳಗೆ ಹೋಗಿರೋದು. ಏನೂ ಆಗೋದಿಲ್ಲ ಅಂತಲೇ ನನ್ನ ನಂಬಿಕೆ. ಆದರೆ ಹಲ್ಲು ಬಂದ ಮೇಲಷ್ಟೇ ಖಂಡಿತ ಹೇಳಬಹುದು. ಬಣ್ಣ ಹಿಡಿದರೂ ಜೀವಕ್ಕೇನೂ ತೊಂದರೆ ಇಲ್ಲ, ಕೊರಗಬೇಡಿ" ಎಂದರು ಡಾಕ್ಟರು. ಕೊರಗಬೇಡಿ ಎಂದರೆ ಕೊರಗದೆ ಇರುವ ಪೈಕಿಯಲ್ಲ ಹೊಂಬಾಳಮ್ಮ.

ಮನೆಗೆ ಬಂದ ಮರುದಿನ ಪುಟ್ಟಗೌರಮ್ಮ ಮುದ್ದೆ ಉಂಡಳು, ನಕ್ಕಳು, ತೊಟ್ಟಿಲಿಗೆ ಬಟ್ಟೆ ಹೊಲಿಯಲು ಕೂತಳು. ಬೋರಯ್ಯ ಹೆಂಡತಿಗೆ ಸಮಾಧಾನ ಆಗಲಿ ಎಂದು, "ಗುಣ ಆಯ್ತಲ್ಲ. ಮಿಕ್ಕವ್ನ ಹೊಸಾ ಕರಟ್ದಲ್ ಮಡಗು" ಎಂದ.

ಅವಳು ಗಂಡನ ಕಡೆ ಹೇಗೆ ನೋಡಿದಳೆಂದರೆ ಅವನು ಜಗಲಿಯಿಂದ ಇಳಿದುಬಿಟ್ಟ. "ಅಟ್ಟಕ್ಕೆ ಕಾಯಿ, ಹೊಟ್ಟೇಗೆ ಗುಳ್ಗೆ. ಇನ್ನೊಂದ್ಸಲ ಆ ಮಾತಾಡಿದ್ರೆ ನಿಮ್ಮುನ್ನೇ ಅಟ್ಟಕ್ಕಾಕ್ತೀನಿ!" ಎಂದಳು. ಇಪ್ಪತ್ತನೆಯದನ್ನು ಮಗಳು ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದ ಮೇಲೇ ಅವಳಿಗೆ ತೃಪ್ತಿ.

ಹಳೆಯ ಕರಟವನ್ನು ಇಳಿಸಿ ಲೆಕ್ಕ ಹಾಕಿದರೆ ಮೂವತ್ತೊಂದು ಗುಳಿಗೆ, ಏಳು ಬಣ್ಣ. ಡಾಕ್ಟರು ಹೇಳಿದ್ದ ಹಾಗೆ, ಬಾವಿಗೂ ದನಕ್ಕೂ ದೂರವಾದ ಜಾಗದಲ್ಲಿ ಆಳದ ಗುಂಡಿ ತೋಡಿ ಹೂತಳು. ಕರಟವನ್ನು ಒಲೆಗೆ ಹಾಕಿದಳು. ಹುಚ್ಚಕ್ಕ ಬೇಲಿಯಾಚೆಯಿಂದ, "ಅಯ್ಯೋ ಪುಣ್ಯಾತ್ಗಿತ್ತಿ, ನಂದೂ ಆರು ಅದ್ರಾಗಿದ್ವು!" ಎಂದು ಬಾಯಿ ಬಡಿದುಕೊಂಡಳು. ಹೊಂಬಾಳಮ್ಮ ಆಗ ಗುಂಡಿ ಮುಚ್ಚಿ, ಕೈ ತೊಳೆದು, ಹುಚ್ಚಕ್ಕನನ್ನೇ ಜೊತೆಗೆ ಕರೆದುಕೊಂಡು ತಾನು ಗುಳಿಗೆ ಕೊಟ್ಟಿದ್ದ ಒಂದೊಂದು ಮನೆಗೂ ಹೋದಳು. ಅಣ್ಣಯ್ಯನ ಮನೆ, ರಾಮಕ್ಕನ ಮನೆ, ಎಲ್ಲ ಒಂಬತ್ತು ಮನೆ. "ತಪ್ ಮಾಡ್ದೆ ಕಣ್ರಪ್ಪ, ನಿಮ್ಗೆ ಕೌಟು ಔಸ್ದಿ ಕೊಟ್ಟಿದ್ದೆ. ಕಾಲ್ ಊತ ಗೀತ ಐತಾ?" ಎಂದು ಡಾಕ್ಟರು ಹೇಳಿಕೊಟ್ಟ ಹಾಗೆ ಕೇಳಿದಳು. ಯಾರಿಗೂ ಏನೂ ಆಗಿರಲಿಲ್ಲ. ಅಣ್ಣಯ್ಯ ಕಲ್ಲು ಹೊರುತ್ತಿದ್ದ, ರಾಮಕ್ಕ ಜಗಳ ಆಡುತ್ತಿದ್ದಳು. ಆ ಜಗಳದ ದನಿ ಕೇಳಿ ಹೊಂಬಾಳಮ್ಮನಿಗೆ ಆದಷ್ಟು ಹಿಗ್ಗು ಹಿಂದೆಂದೂ ಆಗಿರಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದು ನಾಲ್ಕನೇ ದಿನ ಶೆಟ್ಟಿಕೆರೆ ಆಸ್ಪತ್ರೆಯಲ್ಲೇ ಹೆಣ್ಣುಮಗು ಹುಟ್ಟಿತು. ಡಾಕ್ಟರ ಹೆಸರನ್ನೇ ಚಿಕ್ಕದು ಮಾಡಿ ಗಿರಿಜಾ ಎಂದು ಇಟ್ಟರು. ನೋಡಲು ಬಂದವರು ಮೂಗು ಯಾರದು, ಬಣ್ಣ ಯಾರದು ಎಂದು ಮಾತಾಡಿದರೆ ಅಜ್ಜಿ ಮಾತ್ರ ಮಗು ಆಕಳಿಸಿದಾಗಲೆಲ್ಲ ಬೊಚ್ಚುಬಾಯಿಯೊಳಗೆ ಇಣುಕುತ್ತಿದ್ದಳು.

ಮಗುವಿನ ಎಂಟನೇ ತಿಂಗಳಲ್ಲಿ, ಅಟ್ಟದ ಕಾಯಿ ಇಳಿಸುವ ಹೊತ್ತಿಗೆ, ತವರಿಗೆ ಬಂದಿದ್ದ ಪುಟ್ಟಗೌರಮ್ಮ, "ಅವ್ವ, ಹಲ್ಲು!" ಎಂದು ಕೂಗಿದಳು. ಹುಚ್ಚಕ್ಕ ಬೇಲಿ ಹಾರಿ ಬಂದು, "ಮೇಲಿಂದಾ, ಕೆಳಗಿಂದಾ? ಮೇಲಿಂದು ಮೊದ್ಲು ಬಂದ್ರೆ ಸೋದರಮಾವ್ನಿಗೆ ಆಗಾಕಿಲ್ಲ" ಎಂದಳು. "ಮಗೀಗೆ ಸೋದರಮಾವ್ನೇ ಇಲ್ವಲ್ಲೇ!" ಎನ್ನುತ್ತಾ ಹೊಂಬಾಳಮ್ಮ ಮಗುವನ್ನು ಅಂಗಳದ ಬಿಸಿಲಿಗೆ ಎತ್ತಿಕೊಂಡು ಓಡಿದಳು. ಕೆಳಗಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಒಂದು ಚೂರು. ಬಿಳಿ. ಅವಳು ಕಾಯಿ ರಾಶಿಯ ಮೇಲೆ ಹಾಗೇ ಕುಸಿದು ಕೂತಳು.

ಆದರೆ ಅಷ್ಟಕ್ಕೇ ನಿಟ್ಟುಸಿರು ಬಿಡುವ ಹಾಗಿರಲಿಲ್ಲ. "ಒಂದೊಂದು ಹಲ್ಲು ಒಂದೊಂದು ಕಾಲಕ್ಕೆ ಗಟ್ಟಿಯಾಗೋದು. ಒಂದನ್ನ ನೋಡಿ ಎಲ್ಲದಕ್ಕೂ ತೀರ್ಪು ಕೊಡೋದು ಬೇಡ" ಎಂದಿದ್ದರು ಡಾಕ್ಟರು. ಅಂದಿನಿಂದ ಅಮ್ಮಸಂದ್ರದಿಂದ ಕಾರ್ಡು ಬರತೊಡಗಿದವು. ಬೋರಯ್ಯ ಕನ್ನಡಕ ಏರಿಸಿ ಓದುತ್ತಿದ್ದ: ಕ್ಷೇಮ, ಮುಂದಿನ ಹಲ್ಲು ಎರಡು ಬಂದಿವೆ, ಬೆಳ್ಳಗಿವೆ. ಕ್ಷೇಮ, ದವಡೆ ಹಲ್ಲು ಒಂದು ಬಂದಿದೆ, ಬೆಳ್ಳಗಿದೆ. ಟಪಾಲಿನವನಿಗೂ ಆ ಮಗುವಿನ ಬಾಯಿಯ ಸಮಾಚಾರ ಬಾಯಿಪಾಠವಾಗಿತ್ತು. ಹೊಂಬಾಳಮ್ಮ ಒಂದೊಂದು ಹಲ್ಲಿಗೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದಳು.

ಎಂಬತ್ತೆರಡರ ಸಂಕ್ರಾಂತಿಗೆ ಮಗಳು ಅಳಿಯ ಬಂದರು. ಗೋಡೆಯ ಮೇಲೆ ಹತ್ತೊಂಬತ್ತು ಗೀಟಿದ್ದವು. ಗಿರಿಜಾ ಎಳ್ಳು ಬೆಲ್ಲದ ತಟ್ಟೆಯಿಂದ ಬರೀ ಕೊಬ್ಬರಿ ಚೂರು ಆರಿಸಿ ಕಟಕಟ ಅಗಿಯುತ್ತಿದ್ದಳು. ಅಜ್ಜಿ ಅವಳನ್ನು ಹಿಡಿದು ಬಾಯಿಯ ಒಳಗೆ, ಮೇಲುದವಡೆಯ ತೀರಾ ಹಿಂದಕ್ಕೆ ಬೆರಳಾಡಿಸಿದಳು. ಅಲ್ಲೇನೋ ತಗುಲಿತು. ಹಬ್ಬದ ಊಟ ಬಡಿಸುವುದನ್ನು ಹುಚ್ಚಕ್ಕನಿಗೆ ಒಪ್ಪಿಸಿ, ಮೊಮ್ಮಗಳನ್ನು ಸೊಂಟಕ್ಕೇರಿಸಿ, ಬೋರಯ್ಯ ಗಾಡಿ ಕಟ್ಟುವವರೆಗೂ ಕಾಯದೆ ಎರಡು ಮೈಲಿ ನಡೆದೇ ಶೆಟ್ಟಿಕೆರೆಗೆ ಹೋದಳು.

ಆಸ್ಪತ್ರೆಗೆ ರಜ. ಗಿರಿಜಾಂಬಿಕಾ ಮನೆಯ ಮುಂದಿನ ರಂಗೋಲಿಗೆ ಬಣ್ಣ ತುಂಬುತ್ತಿದ್ದರು.

"ಡಾಕ್ಟ್ರಮ್ಮ, ಇಪ್ಪತ್ತೂ ಆಯ್ತು" ಎಂದಳು ಹೊಂಬಾಳಮ್ಮ ಏದುಸಿರು ಬಿಡುತ್ತಾ.

"ಏನು ಇಪ್ಪತ್ತು? ಯಾರಿಗೆ ಗುಳಿಗೆ ಕೊಟ್ರಿ?" ಎಂದು ಡಾಕ್ಟರು ಗಾಬರಿಯಿಂದ ಎದ್ದರು.

ಹೊಂಬಾಳಮ್ಮ ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಿದಳು. ಡಾಕ್ಟರಿಗೆ ಅರ್ಥವಾಯಿತು. ಒಳಗಿಂದ ಟಾರ್ಚು ತಂದು ಕೆಳಗಿನ ಸಾಲು, ಮೇಲಿನ ಸಾಲು ಒಂದೊಂದಾಗಿ ಎಣಿಸುತ್ತಾ ಹೋದರು. ಇಪ್ಪತ್ತನೆಯದು ಇನ್ನೂ ಒಸಡಿನಿಂದ ಅರ್ಧ ಮಾತ್ರ ಹೊರಗೆ ಬಂದಿತ್ತು. ಅದರ ಮೇಲೂ ಬೆಳಕು ಬಿಟ್ಟರು. ಒಂದರಲ್ಲೂ ಹಳದಿ ಗೆರೆ ಇರಲಿಲ್ಲ.

"ಎಲ್ಲಾ ಬೆಳ್ಳಗಿವೆ ಅಮ್ಮ" ಎಂದರು.

ಹೊಂಬಾಳಮ್ಮ ಮೊಮ್ಮಗಳನ್ನು ಎದೆಗೊತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಎರಡೂವರೆ ವರ್ಷ ತಡೆದಿಟ್ಟ ಅಳು ಒಮ್ಮೆಗೇ ಬಂತು, ಅದರ ಜೊತೆ ನಗೆಯೂ ಬಂತು.

"ನಂದು ಎಂಟು ಗುಳ್ಗೆಗೇ ಬುಟ್ಟಿದ್ದೆ ಕಣ್ರವ್ವ" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಇವಳ್ದು ಪೂರ್ತಿ ಮಾಡ್ದೆ."